ಲಾಗಿಂಗ್ ಲೈಬ್ರರಿ ಮತ್ತು ವಾಪಸು ಬಾರದ ಪಾತ್ರೆಗಳು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

"ಹಿಂಜವಡಿಯ ಆಫೀಸಿನಲ್ಲಿ ದಿನವೆಲ್ಲ ಏನು ಮಾಡುತ್ತೀಯೋ ಅದನ್ನೇ ನಮಗೆ ತಿಳಿಯುವ ಹಾಗೆ ಹೇಳಮ್ಮ" ಎಂದು ವೇದಿಕೆಯ ಹಿರಿಯರು ಅಪ್ಪಣೆ ಮಾಡಿದ್ದಾರೆ. ಅದಕ್ಕೇ ಇವತ್ತು ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ.

ಯಾವ ಸಾಫ್ಟ್‌ವೇರ್ ಆದರೂ ಓಡುವಾಗ ಒಂದು ಡೈರಿ ಬರೆಯುತ್ತಿರುತ್ತದೆ. ಇಷ್ಟು ಗಂಟೆಗೆ ಇಂಥವರು ಲಾಗಿನ್ ಆದರು, ಇಷ್ಟು ಗಂಟೆಗೆ ಹಣ ಪಾವತಿ ಆಗಲಿಲ್ಲ, ಹೀಗೆ. ಅದನ್ನು ಬರೆದುಕೊಡುವ ಸಿದ್ಧ ಕೋಡಿಗೆ ಲಾಗಿಂಗ್ ಲೈಬ್ರರಿ ಎನ್ನುತ್ತೇವೆ. ಏನಾದರೂ ಕೆಟ್ಟರೆ ನಾವು ಮೊದಲು ತೆರೆದು ನೋಡುವುದು ಈ ಡೈರಿಯನ್ನು. ಆದ್ದರಿಂದ ಡೈರಿ ಬರೆಯುವವನ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ.

ಇನ್ನು ಮೆಮೊರಿ ಲೀಕ್. ಸೋರಿಕೆ ಎಂದ ಕೂಡಲೇ ನಳ ನೆನಪಾಗುತ್ತದೆ, ಆದರೆ ಇಲ್ಲಿ ಏನೂ ಹೊರಗೆ ಹರಿದುಹೋಗುವುದಿಲ್ಲ. ನಮ್ಮ ಸಂಘದ ಪಾತ್ರೆಗಳನ್ನು ನೆನೆಸಿಕೊಳ್ಳಿ. ರಾಜ್ಯೋತ್ಸವಕ್ಕೆಂದು ಕೊಪ್ಪರಿಗೆ, ಸೌಟು ಒಯ್ಯುತ್ತೇವೆ. ಕೆಲಸ ಮುಗಿದ ಮೇಲೆ ವಾಪಸು ಕೊಡದಿದ್ದರೆ ಅವು ಯಾರದೋ ಅಟ್ಟದಲ್ಲಿ ಕೂತಿರುತ್ತವೆ. ಅವರಿಗೂ ಉಪಯೋಗವಿಲ್ಲ, ಬೇರೆಯವರಿಗೂ ಸಿಗುವುದಿಲ್ಲ. ಒಂದು ದಿನ ಸ್ಟೋರ್ ಖಾಲಿ. ಕಂಪ್ಯೂಟರಿನಲ್ಲಿ ಪಾತ್ರೆಯ ಜಾಗದಲ್ಲಿ ಮೆಮೊರಿ, ಅಷ್ಟೇ.

ನಮ್ಮ ಲೈಬ್ರರಿ ಸಿ++ನಲ್ಲಿ ಬರೆದದ್ದು. ಲಾಗನ್ನು ಅದೇ ಯಂತ್ರದ ಫೈಲಿಗೂ ಬರೆಯುತ್ತಿತ್ತು, ದೂರದ ಒಂದು ಸರ್ವರಿಗೂ ಕಳಿಸುತ್ತಿತ್ತು. ಲೀಕ್ ಹುಡುಕಲು ವಾಲ್‌ಗ್ರಿಂಡ್ ಎಂಬ ಉಪಕರಣವಿದೆ. ಅದರೊಳಗೆ ಪ್ರೋಗ್ರಾಂ 20-30 ಪಟ್ಟು ನಿಧಾನವಾಗಿ ಓಡುತ್ತದೆ, ಮುಗಿದ ಮೇಲೆ ಯಾವ ಪಾತ್ರೆ ಕಳೆದುಹೋಯಿತೆಂದು ಲೆಕ್ಕ ಕೊಡುತ್ತದೆ. ನಮಗೆ ಅದು ಸೊನ್ನೆ ತೋರಿಸಿತು. ನಾನು ನಿಶ್ಚಿಂತೆಯಾಗಿದ್ದೆ.

ಟೀಮಿಗೆ ಹೊಸದಾಗಿ ಸೇರಿದ್ದ ಧಾರವಾಡ ಕಡೆಯ ಹುಡುಗಿಯೊಬ್ಬಳು ಒಂದು ಗ್ರಾಫ್ ತಂದು ತೋರಿಸಿದಳು. "ಅಕ್ಕಾ, ಇದು ಇಳೀವಲ್ತು ನೋಡ್ರಿ, ಸ್ವಲ್ಪ ಸ್ವಲ್ಪ ಏರಾಕತ್ತೈತಿ." ನೋಡಿದರೆ ಅವಳ ಯಂತ್ರದಲ್ಲಿ ದೂರದ ಸರ್ವರಿನ ಹಳೆಯ ವಿಳಾಸವಿತ್ತು. ವಿಳಾಸ ಸರಿಮಾಡಿದೆ, ಗೆರೆ ನೆಟ್ಟಗಾಯಿತು. "ನಿನ್ನ ಸೆಟಪ್ ತಪ್ಪು" ಎಂದು ಹೇಳಿ ಟಿಕೆಟ್ ಮುಚ್ಚಿದೆ. ಅವಳು ಮತ್ತೇನೂ ಹೇಳಲಿಲ್ಲ. ನಾನು ಹೇಳಲು ಬಿಡಲಿಲ್ಲ ಎನ್ನುವುದೇ ಸರಿ.

ಮೂರು ತಿಂಗಳ ಮೇಲೆ ಗ್ರಾಹಕರ ಒಂದು ಯಂತ್ರ ಆರು ದಿನಕ್ಕೊಮ್ಮೆ ನಿಲ್ಲತೊಡಗಿತು. ರೀಸ್ಟಾರ್ಟ್ ಮಾಡಿದರೆ ಸರಿ, ಆರನೇ ದಿನ ಮತ್ತೆ ಅದೇ. ಲಾಗ್ ತೆಗೆಯುವ ಸರ್ವರನ್ನು ಅವರು ಬೇರೆ ಕಡೆಗೆ ಸಾಗಿಸಿದ್ದರು, ಈ ಒಂದು ಯಂತ್ರಕ್ಕೆ ಮಾತ್ರ ಹೊಸ ವಿಳಾಸ ತಲುಪಿರಲಿಲ್ಲ. ನಮ್ಮ ಲೈಬ್ರರಿ ಸೆಕೆಂಡಿಗೊಮ್ಮೆ ಹಳೆಯ ವಿಳಾಸದ ಬಾಗಿಲು ಬಡಿಯುತ್ತಿತ್ತು. ಪ್ರತಿ ಸಲ ಸೋತಾಗ 2 ಕಿಲೋಬೈಟ್ ಮೆಮೊರಿ ಹಿಡಿದು ಒಂದು ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ದಿನಕ್ಕೆ 86,400 ಸೆಕೆಂಡು, ಅಂದರೆ ಸುಮಾರು 170 ಮೆಗಾಬೈಟ್. ನಮಗೆ ಕೊಟ್ಟಿದ್ದ ಮಿತಿ ಒಂದು ಗಿಗಾಬೈಟ್. ನೀವೇ ಲೆಕ್ಕ ಹಾಕಿ.

ವಾಲ್‌ಗ್ರಿಂಡ್ ಸುಳ್ಳು ಹೇಳಿರಲಿಲ್ಲ. ಪ್ರೋಗ್ರಾಂ ಮುಚ್ಚುವಾಗ ಆ ಪಟ್ಟಿಯನ್ನೆಲ್ಲ ನಾವು ಶಿಸ್ತಾಗಿ ವಾಪಸು ಮಾಡುತ್ತಿದ್ದೆವು. ಮನೆ ಖಾಲಿ ಮಾಡುವ ದಿನ ಎಲ್ಲ ಪಾತ್ರೆ ಹಿಂದಿರುಗಿಸುವವರ ಹಾಗೆ! ಅಲ್ಲದೆ ನಾನು ಪರೀಕ್ಷೆ ಮಾಡಿದ್ದು ಹತ್ತೇ ನಿಮಿಷ, ಅದೂ ಎಲ್ಲ ಸರಿಯಿದ್ದಾಗ.

ಇಂಥದ್ದು ದೊಡ್ಡವರಿಗೂ ಆಗಿದೆ. 2012ರ ಅಕ್ಟೋಬರ್ 22ರಂದು ಅಮೆಜಾನಿನ ಕ್ಲೌಡ್ ಸೇವೆಯ ಒಂದು ಭಾಗ ಕುಸಿದು ರೆಡಿಟ್‌ನಂಥ ತಾಣಗಳು ನಿಂತವು. ಮಾಹಿತಿ ಸಂಗ್ರಹಿಸುವ ಒಂದು ಸರ್ವರ್ ಬದಲಾಗಿತ್ತು, ಹೊಸ ವಿಳಾಸ ಕೆಲವು ಯಂತ್ರಗಳಿಗೆ ತಲುಪಿರಲಿಲ್ಲ. ಅಲ್ಲಿದ್ದ ವರದಿಗಾರ ಪ್ರೋಗ್ರಾಂ ಹಳೆಯ ವಿಳಾಸಕ್ಕೇ ಪ್ರಯತ್ನಿಸುತ್ತ ಮೆಮೊರಿ ನುಂಗಿತು. ಅದನ್ನು ಓದಿದಾಗ ನನ್ನ ಟಿಕೆಟ್ಟನ್ನೇ ಓದಿದ ಹಾಗಾಯಿತು.

ರೀಸ್ಟಾರ್ಟ್ ಮಾಡಿದರಾಯಿತಲ್ಲ ಎಂದು ಕೇಳಬಹುದು. 1992ರ ನವೆಂಬರ್ 4ರಂದು ಲಂಡನ್ನಿನ ಆಂಬ್ಯುಲೆನ್ಸ್ ಕಳಿಸುವ ಕಂಪ್ಯೂಟರ್ ನಿಂತದ್ದು ಇಂಥದೇ ಲೀಕ್‌ನಿಂದ. ಸುಮಾರು ಮೂರು ವಾರ ಚೂರು ಚೂರೇ ಮೆಮೊರಿ ತುಂಬಿ, ಕೊನೆಗೆ ಸಿಬ್ಬಂದಿ ಕಾಗದ ಪೆನ್ನಿಗೆ ಮರಳಬೇಕಾಯಿತು.

ಈಗ ನಮ್ಮಲ್ಲಿ ಒಂದು ಲಕ್ಷ ಸಂದೇಶ ಬರೆಸಿ ಮೆಮೊರಿ ಅಳೆಯುತ್ತೇವೆ, ಮತ್ತೆ ಒಂದು ಲಕ್ಷ, ಮತ್ತೆ ಒಂದು ಲಕ್ಷ. ಮೊದಲ ಸುತ್ತಿನಲ್ಲಿ ಏರಿದರೆ ಚಿಂತೆಯಿಲ್ಲ, ಮೂರನೆಯದರಲ್ಲೂ ಏರಿದರೆ ಬಿಡುವುದಿಲ್ಲ. ಆಮೇಲೆ ಬೇಕೆಂದೇ ಕೆಡಿಸುತ್ತೇವೆ. ಡಿಸ್ಕ್ ತುಂಬಿಸುತ್ತೇವೆ, ನೆಟ್‌ವರ್ಕ್ ಕೀಳುತ್ತೇವೆ, ತಪ್ಪು ವಿಳಾಸ ಕೊಟ್ಟು ರಾತ್ರಿಯಿಡೀ ಬಿಡುತ್ತೇವೆ. ಈ ಕೊನೆಯ ಪರೀಕ್ಷೆ ಬರೆದವಳು ಆ ಹುಡುಗಿಯೇ.

ನಾನು ಮುಚ್ಚಿದ್ದ ಟಿಕೆಟ್ಟನ್ನೇ ಮತ್ತೆ ತೆರೆದೆ. ಅವಳ ಹಳೆಯ ಗ್ರಾಫ್ ಅಲ್ಲೇ ಇತ್ತು. ಅದರ ಕೆಳಗೆ "ಸೆಟಪ್ ತಪ್ಪಲ್ಲ, ನೋಡಿದ್ದು ಸರಿ, ಮುಚ್ಚಿದ್ದು ನನ್ನ ತಪ್ಪು" ಎಂದು ಇಡೀ ಟೀಮಿಗೆ ಕಾಣುವ ಹಾಗೆ ಬರೆದೆ. ಮರುದಿನ ಅವಳು ಇನ್ನೊಂದು ಗ್ರಾಫ್ ಹಿಡಿದುಕೊಂಡು ಬಂದಳು. ಈ ಸಲ ಕುರ್ಚಿ ಎಳೆದು ಕೂರಿಸಿಕೊಂಡೆ.