ಹಳೆಯ ಫೋಟೋದೊಳಗಿನ ಮುಖ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ವೆಬ್‌ಸೈಟಿಗೆ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ಕೆಲಸದಲ್ಲಿ ನಾನು ಒಮ್ಮೆ ಎಡವಿದವನು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಗೋಕಾಕದ ಗೆಳೆಯನ ಮನೆಯಲ್ಲಿ ಅವನ ಅಣ್ಣನ ತರಗತಿಯ ಗ್ರೂಪ್ ಫೋಟೋ ಇತ್ತು. ಅಣ್ಣ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದ; ಅವನ ಬೇರೆ ಫೋಟೋ ಇರಲಿಲ್ಲ. ನಾನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಜೆಪೆಗ್ ಫೈಲ್ ಇಟ್ಟುಕೊಂಡು, ಫೋಟೋ ಮರಳಿ ಕೊಟ್ಟೆ. ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತಿತ್ತು, ಸಾಕು ಅನಿಸಿತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಗೆ ಮಹಾಪೂರ ಬಂತು. ಮನೆಗೆ ನೀರು ಹೊಕ್ಕು ಫೋಟೋ ಕೆಸರುಪಾಲಾಯಿತು. ಆಮೇಲೆ ಅವರ ತಾಯಿ ನನ್ನನ್ನು ಕರೆದು, "ತಮ್ಮಾ, ನನ್ನ ಹಿರೇ ಮಗನ ಮಾರಿ ಒಂದೀಟ ದೊಡ್ಡದ ಮಾಡಿ ಕೊಡೋ" ಅಂದರು. ಫೋಟೋದಲ್ಲಿ ಆ ಮುಖ ಅರ್ಧ ಸೆಂಟಿಮೀಟರ್ ಅಗಲ. ನನ್ನ ಫೈಲಿನಲ್ಲಿ ಅದಕ್ಕೆ ಅಡ್ಡಕ್ಕೆ 60 ಚುಕ್ಕೆಯೂ ಇರಲಿಲ್ಲ. ದೊಡ್ಡದು ಮಾಡಿದರೆ ಬರೀ ಚೌಕ ಚೌಕದ ಕಲೆ. 1200ರಲ್ಲಿ ಮಾಡಿದ್ದರೆ 236 ಚುಕ್ಕೆ ಸಿಗುತ್ತಿದ್ದವು.

ಹಾಗಂತ ಎಲ್ಲವನ್ನೂ 1200ರಲ್ಲಿ ಮಾಡಬೇಕಿಲ್ಲ. ಡಿಪಿಐ ಎರಡು ಪಟ್ಟಾದರೆ ಫೈಲಿನ ಗಾತ್ರ ನಾಲ್ಕು ಪಟ್ಟಾಗುತ್ತದೆ. 4×6 ಇಂಚಿನ ಫೋಟೋ 600ರಲ್ಲಿ ಸುಮಾರು 26 ಎಂಬಿ, 1200ರಲ್ಲಿ 100 ದಾಟುತ್ತದೆ. ಸಾಮಾನ್ಯ ಫೋಟೋಕ್ಕೆ 600 ಇಡುತ್ತೇವೆ. ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಅಳತೆಯವಕ್ಕೆ 1200. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಚಿತ್ರವನ್ನು ಯಾರಾದರೂ ಪತ್ರಿಕೆಯಿಂದ ಕತ್ತರಿಸಿ ಇಟ್ಟಿದ್ದರೆ ಅದಕ್ಕೆ 1200 ದಂಡ. ಅಚ್ಚಿನ ಚುಕ್ಕೆಗಳೇ ದೊಡ್ಡವಾಗಿ ಕಾಣುತ್ತವೆ.

ಫೋಟೋ ಕಪ್ಪು-ಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡುತ್ತೇವೆ. ಹಳದಿ ಕಲೆ ಯಾವುದು, ನೀಲಿ ಶಾಯಿ ಯಾವುದು ಎಂದು ಆಗ ಬೇರೆಯಾಗಿ ತಿಳಿಯುತ್ತದೆ, ಮುಂದೆ ತೆಗೆಯಲೂ ಬರುತ್ತದೆ. ಯಂತ್ರ ತಾನೇ ತಿದ್ದುವ ಗುಂಡಿ ಬಂದ್. ಅದು ಕೆಲವೊಮ್ಮೆ ಧೂಳೆಂದು ಕಣ್ಣಿನ ಹೊಳಪನ್ನೇ ಅಳಿಸುತ್ತದೆ! ಮೂಲ ಪ್ರತಿ ಟಿಫ್ ಆಗಿ ಎರಡು ಕಡೆ ಉಳಿಯುತ್ತದೆ. ವೆಬ್‌ಸೈಟಿಗೆ ಅದರಿಂದಲೇ ಚಿಕ್ಕ ಜೆಪೆಗ್ ಮಾಡುತ್ತೇವೆ. ಮೊಬೈಲಿನಲ್ಲಿ ನೋಡಲು ಅದು ಸಾಕು.

ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡುತ್ತೇವೆ, ಹೆಸರು-ಇಸವಿ ಇರುವುದು ಅಲ್ಲೇ. ಗಾಜಿಗೆ ಅಂಟಿದ್ದನ್ನು ದಯವಿಟ್ಟು ಕೀಳಬೇಡಿ, ಕಟ್ಟಿನ ಸಮೇತ ತನ್ನಿ. ಇದು ಪಾರಿಜಾತದ ಕೌಜಲಗಿ ನಿಂಗಮ್ಮನ ಊರು. ಮೇಳದ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ಅದೂ ಬರಲಿ.

ಸ್ಕ್ಯಾನರ್ ಆಫೀಸಿನ ಪಕ್ಕದ ಕೋಣೆಯಲ್ಲಿದೆ. ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿ ಫೋಟೋ ಅಲ್ಲೇ ಕೈಗೆ ಕೊಡುತ್ತೇವೆ. ಬರುವಾಗ ಮನೆಯ ಹಿರಿಯರೊಬ್ಬರನ್ನು ಕರೆತನ್ನಿ, ಸಾಲಿನಲ್ಲಿ ನಿಂತವರ ಹೆಸರು ಹೇಳುವುದಕ್ಕೆ.