ಉಪಾಧ್ಯಾಯರೂ ಗಣಕಯಂತ್ರವೂ
(ಮಹೋತ್ಸವದ ವಿದ್ಯಾಗೋಷ್ಠಿಯ ಉಪನ್ಯಾಸ)

 

ಮಠಕ್ಕೂ ಪಾಠಶಾಲೆಗೂ ಇರುವ ನಂಟನ್ನು ಈ ಸಭೆಗೆ ಹೊಸದಾಗಿ ಅರುಹಬೇಕಾದುದಿಲ್ಲ. ಇಂದಿನ ವಿಷಯವು ಆ ನಂಟಿನದೇ ಒಂದು ಕವಲು. ಪಾಠಶಾಲೆಯೊಳಕ್ಕೆ ಗಣಕಯಂತ್ರವು ಬಂದ ಬಳಿಕ, ಅದನ್ನು ನಡೆಯಿಸುವ ವಿದ್ಯೆಯು ಯಾರ ಕೈಯಲ್ಲಿರತಕ್ಕದ್ದು ಎಂಬುದೇ ಅದು.

ಬೆಂಗಳೂರಿನ ಹೊರವಲಯವನ್ನು ಕಂಡವರಿಗೆ ಈ ಪ್ರಶ್ನೆಯ ಬಿಸಿ ತಿಳಿದೀತು. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡು ಈಗ ಗಾಜಿನ ಸೌಧಗಳ ಊರು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳ ನೆಲದಲ್ಲಿ ಸರಕಾರದ ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯವಿಟ್ಟಿತು. ಪೀಣ್ಯವಂತೂ ಲೇತು ಯಂತ್ರಗಳ ಬೀಡು. ಈ ಸೌಧಗಳನ್ನು ಕಟ್ಟುವುದಕ್ಕೂ ಕಾರ್ಖಾನೆಗಳಲ್ಲಿ ದುಡಿಯುವುದಕ್ಕೂ ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದ ಬಂದ ಕುಟುಂಬಗಳು ಅನೇಕ. ಅವರ ಮಕ್ಕಳು ಸೇರುವುದು ನೆರೆಯ ಸರಕಾರಿ ಶಾಲೆಗೆ. ಎಷ್ಟೋ ಮನೆಗಳಲ್ಲಿ ಇರುವುದು ತಂದೆಯ ಮೊಬೈಲೊಂದೇ, ಅದೂ ಹಗಲೆಲ್ಲ ತಂದೆಯ ಜೇಬಿನಲ್ಲಿ. ಲೋಕಕ್ಕೆಲ್ಲ ಗಣಕದ ಕೆಲಸವನ್ನು ಮಾಡಿಕೊಡುವ ಕಟ್ಟಡದ ನೆರಳಿನಲ್ಲಿಯೇ ಬೆಳೆಯುವ ಆ ಮಗುವು ಗಣಕವನ್ನು ಮುಟ್ಟಿ ಕಲಿಯಬೇಕಾದರೆ ಶಾಲೆಯೊಂದೇ ಗತಿ.

೨೦೦೧ರಲ್ಲಿ ಸರಕಾರವು ‘ಮಾಹಿತಿ ಸಿಂಧು’ ಎಂಬ ಯೋಜನೆಯನ್ನು ಕೈಕೊಂಡು ಸುಮಾರು ೧೦೦೦ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸಿತು. ಯಂತ್ರವನ್ನು ತಂದಿರಿಸುವವರೂ ಕಲಿಸುವವರೂ ಗುತ್ತಿಗೆಯ ಖಾಸಗಿ ಸಂಸ್ಥೆಗಳವರು. ಶಾಲೆಯ ಉಪಾಧ್ಯಾಯರು ಬಾಗಿಲ ಹೊರಗೆ ಉಳಿದರು. ಗಣಕವೆಂಬುದು ಬೇರೊಂದು ಪಾಠ, ಅದೂ ಬೇರೊಬ್ಬರ ಪಾಠ! ಗುತ್ತಿಗೆ ತೀರಿದಾಗ ಕಲಿಸುವಾತನು ಹೊರಟುಹೋದನು. ಎಷ್ಟೋ ಕಡೆ ಕೊಠಡಿಗೆ ಬೀಗ ಬಿದ್ದಿತು. ಯೋಜನೆಯ ಉದ್ದೇಶವನ್ನು ಹಳಿಯುವುದು ನ್ಯಾಯವಲ್ಲ. ಆದರೆ ಬಾವಿಯನ್ನು ತೋಡಿಸಿ ಹಗ್ಗವನ್ನು ಪರರ ಮನೆಯಲ್ಲಿಟ್ಟಂತಾಯಿತೆಂಬುದು ಸುಳ್ಳಲ್ಲ.

ಇದಕ್ಕೆ ವ್ಯತಿರಿಕ್ತವಾದ ಹಾದಿಯು ೨೦೧೧ರಲ್ಲಿ ತೆರೆಯಿತು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಆಶ್ರಯದಲ್ಲಿ, ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ಕೂಡಿ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ಆರಂಭಿಸಿತು. ಇಲ್ಲಿ ಗಣಕದ ಮುಂದೆ ಕುಳಿತವರು ಗಣಿತ, ವಿಜ್ಞಾನ, ಸಮಾಜ ಪಾಠಗಳನ್ನು ನಿತ್ಯ ಹೇಳುವ ಉಪಾಧ್ಯಾಯರೇ. ಅವರಿಗೆ ಕೊಟ್ಟ ಉಬುಂಟು ಮೊದಲಾದ ತಂತ್ರಾಂಶಗಳು ಬೆಲೆಯಿಲ್ಲದವು, ನಕಲು ಮಾಡಿ ಹಂಚಲು ಅಡ್ಡಿಯಿಲ್ಲದವು. ದಾಸೋಹದ ಅರ್ಥವನ್ನು ಬಲ್ಲವರಿಗೆ ಈ ಮಾತನ್ನು ವಿಸ್ತರಿಸಬೇಕಾಗಿಲ್ಲ. ೨೦೧೩ರಿಂದ ಉಪಾಧ್ಯಾಯರು ತಾವೇ ರಚಿಸಿದ ಪಾಠಗಳು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಹೆಸರಿನಲ್ಲಿ ಎಲ್ಲರಿಗೂ ದೊರೆಯುವಂತಾದವು.

ಮೊದಲ ತೊಡಕು ಕನ್ನಡ ಅಕ್ಷರದ್ದೇ ಆಗಿದ್ದಿತು. ಹಳೆಯ ‘ನುಡಿ’ ಅಕ್ಷರವಿನ್ಯಾಸದಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಲಿಪಿಯ ಸ್ಥಾನಗಳಲ್ಲಿ ಕುಳಿತಿದ್ದವು. ಮನೆಯಲ್ಲಿ ಕಷ್ಟಪಟ್ಟು ಬೆರಳಚ್ಚು ಮಾಡಿದ ಪ್ರಶ್ನಪತ್ರಿಕೆಯನ್ನು, ಆ ವಿನ್ಯಾಸವಿಲ್ಲದ ಶಾಲೆಯ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದು. ಯಂತ್ರವೇ ಕೆಟ್ಟಿತೆಂದು ಕೈಬಿಟ್ಟವರೂ ಉಂಟು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆಂದೇ ೧೨೮ ಸ್ಥಾನಗಳು ಮೀಸಲಾಗಿರುವುದರಿಂದ ಅಕ್ಷರವು ಎಲ್ಲಿ ಹೋದರೂ ಕನ್ನಡವಾಗಿಯೇ ಉಳಿಯುವುದು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವು ಎರಡಕ್ಕೂ ಒಗ್ಗುವುದರಿಂದ ಕಲಿತ ಬೆರಳು ಮತ್ತೆ ಕಲಿಯಬೇಕಾಗಿಲ್ಲ. ಈ ಕಾರಣವನ್ನು ಅರಿತ ಉಪಾಧ್ಯಾಯನು ಮುಂದೆ ಗಣಕಕ್ಕೆ ಅಂಜುವುದು ಕಡಿಮೆ.

ಆದರೆ ಬೆರಳಚ್ಚು ಬೋಧನೆಯಲ್ಲ. ಬೋಧನೆಯ ಮಾತಿಗೆ ಜಿಯೋಜಿಬ್ರಾ ಎಂಬ ತಂತ್ರಾಂಶವನ್ನು ನೋಡೋಣ. ೨೦೦೧ರ ಸುಮಾರಿಗೆ ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗಿನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು ವಿದ್ಯಾರ್ಥಿದೆಸೆಯಲ್ಲಿ ಇದನ್ನು ರಚಿಸತೊಡಗಿದರು. ತ್ರಿಭುಜದ ಮೂರು ಕೋನಗಳ ಮೊತ್ತ ೧೮೦ ಅಂಶವೆಂಬ ಪಾಠವನ್ನೇ ತೆಗೆದುಕೊಳ್ಳಿ. ಮಕ್ಕಳು ಕೋನಮಾಪಕದಿಂದ ಅಳೆದರೆ ಒಬ್ಬನಿಗೆ ೧೭೯, ಒಬ್ಬಳಿಗೆ ೧೮೨. ಉಪಾಧ್ಯಾಯರು ‘ಸರಿಯಾಗಿ ಅಳೆ’ ಎಂದು ಗದರುವರು. ಗಣಕದ ತೆರೆಯ ಮೇಲೆ ಶೃಂಗವೊಂದನ್ನು ಹಿಡಿದೆಳೆದರೆ ತ್ರಿಭುಜವು ಚಪ್ಪಟೆಯಾಗುವುದು, ಚೂಪಾಗುವುದು, ಕೋನಗಳ ಅಂಕೆಗಳು ಓಡಾಡುವುವು. ಮೊತ್ತ ಮಾತ್ರ ಕದಲದು. ತರಗತಿಯು ಬೆರಗಾಗಿ ನೋಡುವ ಆ ಕ್ಷಣವೇ ಉಪಾಧ್ಯಾಯನಿಗೆ ಪರೀಕ್ಷೆ. ತೆರೆಯ ಮೇಲಿನ ಮೂರು ಅಂಕೆಗಳನ್ನು ಪುಸ್ತಕದಲ್ಲಿ ಕೂಡಿದ ಹುಡುಗಿಯೊಬ್ಬಳು ಎದ್ದು, ‘ಸಾರ್, ನನಗೆ ೧೮೦.೦೧ ಬಂತು’ ಎಂದಾಳು. ಯಂತ್ರವು ಪ್ರತಿ ಕೋನವನ್ನೂ ಎರಡು ದಶಮಾಂಶಕ್ಕೆ ಸರಿಹೊಂದಿಸಿ ತೋರಿಸುವುದರಿಂದ ಆ ಕೂದಲೆಳೆಯ ವ್ಯತ್ಯಾಸ ಬಂದಿತೆಂದು ಹೇಳಬಲ್ಲವನು ಗಣಿತವನ್ನೂ ಯಂತ್ರವನ್ನೂ ಬಲ್ಲವನೇ ಸರಿ. ಗುತ್ತಿಗೆಯವನಿಗೆ ಗಣಿತ ತಿಳಿಯದು, ಹೊರಗೆ ನಿಂತ ಗಣಿತದವನಿಗೆ ಯಂತ್ರ ತಿಳಿಯದು.

ಇನ್ನೊಂದು ಸೂಕ್ಷ್ಮವುಂಟು. ಸಾವಿರ ತ್ರಿಭುಜಗಳನ್ನು ಕಂಡುದು ಸಾಧನೆಯಲ್ಲ. ತೆರೆಯನ್ನು ಆರಿಸಿ, ಕರಿಹಲಗೆಯ ಮೇಲೆ ಶೃಂಗದ ಮೂಲಕ ಪಾದಕ್ಕೆ ಸಮಾನಾಂತರ ರೇಖೆಯನ್ನೆಳೆದು, ಪರ್ಯಾಯ ಕೋನಗಳು ಸಮವೆಂದು ತೋರಿಸಿದಾಗಲೇ ‘ಏಕೆ’ ಎಂಬುದಕ್ಕೆ ಉತ್ತರ. ಯಂತ್ರವನ್ನು ಯಾವಾಗ ಆರಿಸಬೇಕೆಂಬ ವಿವೇಕವು ಮೂರು ದಿನದ ಶಿಬಿರದಿಂದ ಬರತಕ್ಕದ್ದಲ್ಲ. ತಪ್ಪಿ, ತಿದ್ದಿ, ಜೊತೆಯವರನ್ನು ಕೇಳಿ, ಮತ್ತೆ ಮಾಡಿ ಬರತಕ್ಕದ್ದು. ಅದು ಕಾಯಕದ ದಾರಿ.

೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದವು. ಜುಲೈ ತಿಂಗಳಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು; ಆಗಸ್ಟಿನಲ್ಲಿ ಹೊರಟ ‘ವಿದ್ಯಾಗಮ’ದಲ್ಲಿ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ನಡೆದರು. ಮೊಬೈಲಿಲ್ಲದ ಮನೆಯ ಮಗುವಿಗೆ ಈ ಎರಡನೆಯದೇ ಆಸರೆ. ಯಂತ್ರವೇ ಉಪಾಧ್ಯಾಯನ ಸ್ಥಾನವನ್ನು ತುಂಬೀತೆಂದು ನಂಬಿದ್ದವರು ಆ ವರುಷದ ಬಳಿಕ ಸ್ವಲ್ಪ ಮೆತ್ತಗಾಗಿರಬೇಕು.

ಈ ಮಠದ ಶಾಲೆಗಳಿಗೆ ಭಕ್ತರು ಗಣಕಗಳನ್ನು ಕಾಣಿಕೆಯಾಗಿ ಕೊಡುವುದು ಸ್ತುತ್ಯ. ಅದರೊಡನೆ ಆಡಳಿತದವರಲ್ಲಿ ಅರಿಕೆ ಇಷ್ಟೇ: ವಾರದಲ್ಲಿ ಎರಡು ಅವಧಿ ಉಪಾಧ್ಯಾಯರಿಗೆ ಬಿಡುವಿರಲಿ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಗಣಕದ ಕೊಠಡಿ ತೆರೆದಿರಲಿ, ಅದರ ಬೀಗದ ಕೈಯು ಕಚೇರಿಯ ಬೀರುವಿನಲ್ಲಿರದೆ ಪಾಠ ಹೇಳುವವರ ಬಳಿಯೇ ಇರಲಿ.