ಕಳ್ಳನ ಪಾತ್ರ ಮಾಡಿದ ಯಜಮಾನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಬಿ.ಇ. ಓದಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೀಯ, ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಎಂದರು. ಕಂಪ್ಯೂಟರ್ ವಿಷಯ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಇಂದು ಒಬ್ಬ ನಾಟಕದವರ ಬಗ್ಗೆ ಮಾತನಾಡುತ್ತೇನೆ. ಅದಕ್ಕೆ ಕಾರಣ ಇದೆ. ಆ ಕಾರಣ ಈ ಶಾಮಿಯಾನದ ಕೆಳಗೇ, ಹಿಂದಿನ ಸಾಲಿನಲ್ಲಿ ಕುಳಿತಿದೆ.

ನಮ್ಮ ಕಡೆಯ ಪೌರಾಣಿಕ ನಾಟಕ ಹೇಗೆ ನಡೆಯುತ್ತಿತ್ತು ಎಂಬುದು ಹಿರಿಯರಿಗೆಲ್ಲ ಗೊತ್ತು. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುವುದು. ಎರಡು ಮೂರು ತಿಂಗಳು ರಾತ್ರಿ ಊಟವಾದ ಮೇಲೆ ಪ್ರಾಕ್ಟೀಸು. ಪೇಟೆಯಿಂದ ಸೀನರಿ, ಡ್ರೆಸ್ಸು. ಹೆಣ್ಣು ಪಾತ್ರಕ್ಕೂ ಹೊರಗಿನಿಂದಲೇ ಕಲಾವಿದೆಯರು. ಈ ಖರ್ಚನ್ನೆಲ್ಲ ಪಾತ್ರಧಾರಿಗಳೇ ಹಂಚಿಕೊಳ್ಳಬೇಕು. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ದ್ವಾರಪಾಲಕನಿಗೆ ಇಷ್ಟು ಎಂದು ರೇಟು. ಕಂಠ ಯಾರಿಗಿದೆ ಎನ್ನುವುದಕ್ಕಿಂತ ಕಾಸು ಯಾರಲ್ಲಿದೆ ಎನ್ನುವುದರ ಮೇಲೆ ಕಿರೀಟ ಯಾರ ತಲೆಗೆ ಎಂಬುದು ತೀರ್ಮಾನವಾಗುತ್ತಿತ್ತು.

ನಮ್ಮಪ್ಪನಿಗೆ ಕಂಠ ಇತ್ತು, ಕಾಸು ಇರಲಿಲ್ಲ. ಹಾಗಾಗಿ ಬಹಳ ವರ್ಷ ದ್ವಾರಪಾಲಕ, ಇಲ್ಲವೇ ವಿದುರ. ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಅವರು ಕರ್ಣನ ಪಾತ್ರಕ್ಕೆ ದುಡ್ಡು ಕಟ್ಟಿದರು. ಅದು ನನ್ನ ಟ್ಯೂಷನ್‌ಗೆಂದು ಎತ್ತಿಟ್ಟಿದ್ದ ದುಡ್ಡು ಎಂದು ನನಗೆ ಗೊತ್ತಾಯಿತು. ನಾಟಕದ ರಾತ್ರಿ ನಾನು ಕಂಬಳಿ ಹೊದ್ದು ಮನೆಯಲ್ಲೇ ಮಲಗಿದೆ. ಅವ್ವ ಬಂದು, "ನಿಮ್ಮಪ್ಪ ಬಣ್ಣ ಹಾಕವ್ರೆ ಕನಪ್ಪ, ಒಂದ್ ಸೀನಾದ್ರೂ ನೋಡ್ಬುಟ್ಟು ಬಾ" ಎಂದು ಎರಡು ಸಲ ಕರೆದಳು. ನಾನು ಏಳಲಿಲ್ಲ. ಮೈಕಿನಲ್ಲಿ ಅಪ್ಪನ ಹಾಡು ಕೇಳಿಸುತ್ತಿತ್ತು. ಜನ "ವನ್ಸ್ ಮೋರ್" ಎಂದು ಕೂಗಿದ್ದೂ ಕೇಳಿಸಿತು. ನಾನು ಕಿವಿ ಮುಚ್ಚಿಕೊಂಡೆ. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಆಮೇಲೆ ಅವರು ಬಣ್ಣ ಹಚ್ಚಲೂ ಇಲ್ಲ.

ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ' ನನ್ನ ಕೈಗೆ ಬಂತು. ಅಲ್ಲಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮಪ್ಪ ಯಾಕೆ ದುಡ್ಡು ಕಟ್ಟಿದರು ಎಂದು ಅರ್ಥವಾಗಲು ನನಗೆ ಇಷ್ಟು ಕಾಲ ಬೇಕಾಯಿತು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅವರಿಗಿಂತ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾಗಿತ್ತು. ಎಳೆಯ ಹುಡುಗನಾಗಿ ಆ ಕಂಪನಿಗೆ ಸೇರಿದ ವೀರಣ್ಣ ಯೌವನದಲ್ಲೇ ಅದರ ಯಜಮಾನರಾದರು. 1972ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಏಳು ದಶಕ ಅವರ ಬದುಕು ರಂಗಭೂಮಿಗೇ ಅಂಟಿಕೊಂಡಿತ್ತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂತು. ಮೈಸೂರಿನ ಮಹಾರಾಜರು ಅವರ ನಟನೆಗೆ ಮೆಚ್ಚಿ 'ವರ್ಸಟೈಲ್ ಕಮೆಡಿಯನ್' ಎಂಬ ಬಿರುದು ಕೊಟ್ಟರು.

ಆ ಕಾಲದ ಕಂಪನಿ ನಾಟಕ ಎಂದರೆ ಹಾಡೇ ಪ್ರಾಣ. ಮೈಕು ಇಲ್ಲದ ದಿನಗಳಲ್ಲಿ, ಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಕೇಳುವಂತೆ ರಾತ್ರಿಯೆಲ್ಲ ಹಾಡಬೇಕು, ಮಾತಾಡಬೇಕು. ಜನ ಮೆಚ್ಚಿದರೆ ಅದೇ ಹಾಡನ್ನು ಮತ್ತೆ ಹಾಡಬೇಕು. ನಾಳೆ ರಾತ್ರಿ ಇನ್ನೊಂದು ನಾಟಕ. ಮಳೆ ಬಂದರೆ ಕಲೆಕ್ಷನ್ ಇಲ್ಲ, ಆದರೂ ಕಂಪನಿಯ ಒಲೆ ಉರಿಯಲೇಬೇಕು. ವೀರಣ್ಣನವರು 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆನೆ ಅಲ್ಲ, 'ಸದಾರಮೆ'ಯ ಕಳ್ಳ.

ಯೋಚನೆ ಮಾಡಿ. ಕಂಪನಿ ಅವರದು. ಬೋರ್ಡಿನ ಮೇಲೆ ಹೆಸರು ಅವರದು. ಯಾವ ಕಿರೀಟ ಬೇಕಾದರೂ ಅವರೇ ಇಟ್ಟುಕೊಳ್ಳಬಹುದಿತ್ತು, ಯಾರೂ ದುಡ್ಡು ಕೇಳುತ್ತಿರಲಿಲ್ಲ. ಆದರೆ ಜನ ಅವರನ್ನು ಇವತ್ತಿಗೂ ನೆನೆಯುವುದು 'ಸದಾರಮೆ'ಯ ಕಳ್ಳನಾಗಿ. ಹಾಸ್ಯಪಾತ್ರವೇ ಅವರ ಹೆಗ್ಗುರುತು. ಯಜಮಾನರೇ ಕಳ್ಳನಾಗಿ ಬಂದು ನಗಿಸಿದರೆ, ಆ ಕಂಪನಿಯಲ್ಲಿ ಯಾವ ಹುಡುಗ ತಾನೆ ತನ್ನದು ಸಣ್ಣ ಪಾತ್ರ ಎಂದು ತಲೆ ತಗ್ಗಿಸುತ್ತಾನೆ?

ಹೀಗೆ ಆ ಕಂಪನಿ ಒಂದು ಶಾಲೆಯೇ ಆಯಿತು. ನಮ್ಮ ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿದ ಒಬ್ಬ ಹುಡುಗ ತನ್ನ ಎಂಟನೇ ವಯಸ್ಸಿನಲ್ಲಿ ಗುಬ್ಬಿ ಕಂಪನಿಗೆ ಸೇರಿದ. ಆ ಹುಡುಗನೇ ಮುಂದೆ 'ಹಂಸಗೀತೆ' ತೆಗೆದ, ಸಂಸ್ಕೃತದ ಮೊದಲ ಚಲನಚಿತ್ರ 'ಆದಿ ಶಂಕರಾಚಾರ್ಯ' ನಿರ್ದೇಶಿಸಿ ರಾಷ್ಟ್ರಪ್ರಶಸ್ತಿ ತಂದ ಜಿ.ವಿ. ಅಯ್ಯರ್. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅದೇ ಕಂಪನಿಯ ಕಲಾವಿದರು. ಅವರ ಮಗ ಮುತ್ತುರಾಜನೂ ಅಲ್ಲೇ ಬಣ್ಣ ಹಚ್ಚಿದ. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಆ ಮುತ್ತುರಾಜ ರಾಜ್‌ಕುಮಾರ್ ಆಗಿ ನಾಯಕನಾದಾಗ, ಅದರ ಹಿಂದೆಯೂ ವೀರಣ್ಣನವರ ಸಂಸ್ಥೆ ಇತ್ತು. ಮನೆ ಬಿಟ್ಟು ಓಡಿಬಂದ ಇನ್ನೊಬ್ಬ ಹುಡುಗನನ್ನು ಕಂಪನಿಯಲ್ಲಿಟ್ಟುಕೊಂಡು, ಮುಂದೆ ಎಂ.ಎ. ಓದಲು ವೀರಣ್ಣನವರು ಕಾಶಿಗೆ ಕಳಿಸಿದರು. ಅವರೇ ಬಿ.ವಿ. ಕಾರಂತರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರು. ಹೆಣ್ಣು ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಬಿ. ಜಯಮ್ಮನಂಥ ಹಾಡುನಟಿಯರು ಬೆಳೆದದ್ದೂ ಅಲ್ಲೇ. ಮೊಮ್ಮಗಳು ಬಿ. ಜಯಶ್ರೀಯವರ ದನಿಯನ್ನು ನೀವೆಲ್ಲ ಕೇಳಿದ್ದೀರಿ.

ಒಬ್ಬ ನಟ ಏಳು ದಶಕ ಬಾಳುವುದು ಬರೀ ಗಂಟಲಿನಿಂದ ಅಲ್ಲ. ಗಂಟಲು ಒಂದು ದಿನ ಒಡೆಯುತ್ತದೆ, ಮುಖ ಸುಕ್ಕಾಗುತ್ತದೆ. ತನ್ನ ಪಕ್ಕದಲ್ಲಿ ಇನ್ನೊಬ್ಬನಿಗೆ ಜಾಗ ಬಿಟ್ಟು ನಿಂತರೆ, ಅವನ ಹಾಡಿನಲ್ಲಿ ನಮ್ಮ ಹಾಡೂ ಮುಂದುವರಿಯುತ್ತದೆ. ವೀರಣ್ಣನವರ ದೊಡ್ಡತನ ಎಂದರೆ ಇದು ಎಂದು ನಾನು ತಿಳಿದುಕೊಂಡಿದ್ದೇನೆ. ನನ್ನ ಕೆಲಸದಲ್ಲೂ ಇದೇ ಮಾತು. ಎಲ್ಲವೂ ಒಬ್ಬನಿಗೇ ಗೊತ್ತಿರುವ ಟೀಮು, ಅವನು ರಜಾ ಹಾಕಿದ ದಿನ ನಿಂತುಹೋಗುತ್ತದೆ.

ಮಕ್ಕಳೇ, ನಾನೂ ಈ ಶಾಲೆಯ ವಾರ್ಷಿಕೋತ್ಸವದಲ್ಲಿ ದ್ವಾರಪಾಲಕನಾಗಿದ್ದೆ. ಇದ್ದದ್ದು ಒಂದೇ ಮಾತು. ನಮ್ಮ ಮೇಷ್ಟ್ರು ಆ ಒಂದು ಮಾತನ್ನು ಒಂದು ವಾರ ಹೇಳಿಸಿದರು, "ಹಿಂದಿನ ಗೋಡೆಗೆ ಕೇಳಿಸಬೇಕು" ಎಂದು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಕೈ ನಡುಗುತ್ತಿದ್ದಾಗ ನೆನಪಾದದ್ದು ಆ ಗೋಡೆ. ಟ್ಯೂಷನ್ ಕೊಡದ್ದನ್ನು ಆ ಪಾತ್ರ ಕೊಟ್ಟಿತ್ತು. ಆದರೆ ಅಪ್ಪನೂ ಅಂಥದ್ದೇ ಏನನ್ನೋ ಹುಡುಕುತ್ತಿದ್ದರು ಎಂದು ಹದಿನೈದರ ನನಗೆ ಹೊಳೆಯಲಿಲ್ಲ. ವರ್ಷವೆಲ್ಲ ಗದ್ದೆಯಲ್ಲಿ ಬಗ್ಗಿ ದುಡಿಯುವ ಮನುಷ್ಯ ಒಂದು ರಾತ್ರಿ ನೆಟ್ಟಗೆ ನಿಂತು ಹಾಡಬೇಕು ಎಂದು ಬಯಸಿದ್ದ. ಅದಕ್ಕೆ ಅವನು ದುಡ್ಡು ಕಟ್ಟಬೇಕಾಯಿತು. ಅವನ ಮಗನೇ ನೋಡಲು ಹೋಗಲಿಲ್ಲ.

ಆದ್ದರಿಂದ ಒಂದು ಕೋರಿಕೆ. ನಮ್ಮ ಬ್ಯಾಚಿನವರೆಲ್ಲ ಸೇರಿ ಶಾಲೆಗೆ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ ಕೊಡುತ್ತಿದ್ದೇವೆ. ಅವು ಬೀರುವಿನಲ್ಲಿ ಧೂಳು ಹಿಡಿಯದಿರಲಿ. ವರ್ಷಕ್ಕೊಂದು ನಾಟಕ ಆಗಲಿ. ಪಾತ್ರಕ್ಕೆ ಯಾರ ಹತ್ತಿರವೂ ಕಾಸು ಕೇಳುವುದು ಬೇಡ. ದ್ರೌಪದಿಯನ್ನು ಪೇಟೆಯಿಂದ ಕರೆಸುವುದು ಬೇಡ, ಅವಳು ಒಂಬತ್ತನೇ ತರಗತಿಯಲ್ಲೇ ಕುಳಿತಿದ್ದಾಳೆ. ಯಾವ ಕೇರಿಯ ಮಗುವಾದರೂ ಸರಿ, ಕಂಠ ಇದ್ದವರು ಕರ್ಣ ಆಗಲಿ. ಚೆನ್ನಾಗಿ ಓದುವ ಹುಡುಗ ಒಂದು ಸಲ ಕಳ್ಳನಾಗಲಿ.

ಮಕ್ಕಳಿಗೆ ಹಾಡು ಯಾರು ಹೇಳಿಕೊಡುತ್ತಾರೆ ಎಂದು ಮೇಷ್ಟ್ರು ಕೇಳಿದರು. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ನಾನು ಅಪ್ಪನನ್ನು ಕೇಳಿದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೈ ತೊಳೆದು ಎದ್ದು ಹೋಗುವಾಗ, "ಹಾಲ್ ಕರಿಯೋ ಹೊತ್ಗೆ ಮಾತ್ರ ಇಟ್ಕಬೇಡಿ" ಎಂದರು.

ಪ್ರಾಕ್ಟೀಸು ರಾತ್ರಿ ಏಳಕ್ಕೆ ಇಟ್ಟುಕೊಳ್ಳೋಣ ಮೇಷ್ಟ್ರೇ. ನಾಟಕದ ದಿನ ನಾನು ಬೆಂಗಳೂರಿನಿಂದ ಬರುತ್ತೇನೆ. ಈ ಸಲ ಅವ್ವ ಕರೆಯಬೇಕಾಗಿಲ್ಲ.